ಸುಧನ್ವ ಯಾಕೆ ತಡಮಾಡಿದ?

(ಹೊನ್ನಾವರದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಈ ಉಪನ್ಯಾಸವನ್ನು ಅಚ್ಚಿಗೆ ಕೇಳುವಾಗ ಸಂಘಟಕರು, "ಸ್ವಲ್ಪ ತಿದ್ದಿ ಕೊಡಿ ಸರ್, ಉದ್ದ ಆಯ್ತು" ಅಂದರು. ಹಳೆಯ ಕೃತಿಗಳನ್ನು ಇಂದಿನವರಿಗಾಗಿ ತಿದ್ದಬಹುದೇ ಎಂದು ಗಂಟೆಗಟ್ಟಲೆ ಮಾತಾಡಿದವನಿಗೆ ತಕ್ಕ ಶಾಸ್ತಿಯೇ ಆಯಿತು. ತಿದ್ದಿದ್ದೇನೆ. ಅಂದು ಹೇಳಿದ ಎರಡು ಹಳಸಲು ಜೋಕುಗಳನ್ನು ಬಿಟ್ಟಿದ್ದೇನೆ. ಮೈಕು ಕೈಕೊಟ್ಟಾಗ ನಾನು ಆಡಿದ ಮಾತನ್ನೂ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಎಂದು ಇಲ್ಲಿ ಬರೆದಿದ್ದೇನಲ್ಲ, ಅದಷ್ಟು ಮುಖ್ಯ. ಯಾಕೆಂದು ಮುಂದೆ ಹೇಳುತ್ತೇನೆ.

ನನ್ನ ಅಜ್ಜನಿಂದ ಶುರುಮಾಡುತ್ತೇನೆ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆಮದ್ದು ಹೊಡೆಸಿ ಬಂದು, ಬಿಸಿನೀರು ಮಿಂದು, ಜಗಲಿಯ ಮೇಲೆ ಕಂದೀಲು ಇಟ್ಟುಕೊಂಡು ಅಜ್ಜ ಜೈಮಿನಿ ಭಾರತ ಓದುತ್ತಿದ್ದ. ಓದುವುದೆಂದರೆ ರಾಗವಾಗಿ. ಲಕ್ಷ್ಮೀಶನ ವಾರ್ಧಕ ಷಟ್ಪದಿ ಹಾಡಿದರೇ ಚೆಂದ. ನಾವು ಆರೇಳು ಮಕ್ಕಳು ಕಂಬಳಿಯ ಮೇಲೆ. ಹೆಂಗಸರು ಬಾಗಿಲ ಸಂದಿಯಲ್ಲಿ. ಆ ರಾತ್ರಿ ಸುಧನ್ವನ ಕತೆ. ಚಂಪಕಾಪುರದ ಹಂಸಧ್ವಜ ರಾಜ ಡಂಗುರ ಸಾರಿಸಿದ್ದಾನೆ: ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವುದು. ತಡವಾಗಿ ಬಂದವನು ಅವನ ಮಗನೇ, ಸುಧನ್ವ. ಅಜ್ಜ ಇಲ್ಲಿ ಒಂದು ಉಸಿರು ನಿಲ್ಲಿಸಿ ಪುಟ ಮಗುಚಿದ. ಒಂದಲ್ಲ, ಎರಡು ಪುಟ. ಮುಂದಿನ ಪದ್ಯದಲ್ಲಿ ಸುಧನ್ವ ಕೊಪ್ಪರಿಗೆಯ ಹತ್ತಿರ ನಿಂತಿದ್ದ.

"ಎಂತಕ್ಕೆ ತಡ ಆತು ಅಜ್ಜಾ?" ಎಂದು ಕೇಳಿದೆ.

"ಊಟಕ್ಕೆ ಕೂತಿದ್ನಡ," ಎಂದ ಅಜ್ಜ. ಒಳಗಿನಿಂದ ದೊಡ್ಡಾಯಿ ಕಿಸಕ್ಕನೆ ನಕ್ಕದ್ದು ಕೇಳಿತು.

ಊಟವಲ್ಲ ಎಂದು ಗೊತ್ತಾಗಿದ್ದು ಮೂರ್ನಾಲ್ಕು ವರ್ಷದ ನಂತರ, ಗದ್ದೆ ಬಯಲಿನಲ್ಲಿ 'ಸುಧನ್ವಾರ್ಜುನ' ಯಕ್ಷಗಾನದ ಆಟ ನೋಡಿದಾಗ. ಯುದ್ಧಕ್ಕೆ ಹೊರಟ ಗಂಡನನ್ನು ಪ್ರಭಾವತಿ ತಡೆಯುವ ಪ್ರಸಂಗ. ಹೋದವನು ಬರುತ್ತಾನೋ ಇಲ್ಲವೋ, ನನ್ನ ಮಡಿಲಲ್ಲಿ ನಿನ್ನ ಗುರುತು ಉಳಿಯಲಿ ಎಂದು ಅವಳು ಕೇಳುತ್ತಾಳೆ. ಅಜ್ಜ ಎರಡು ಪುಟದಲ್ಲಿ ಮುಚ್ಚಿಟ್ಟದ್ದು ಅಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಒಂದು ತಾಸು ಕುಣಿಯಿತು. ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದವನು ಅದೇ ಅಜ್ಜ. ಬೆಳಗಿನ ಜಾವ ಮನೆಗೆ ನಡೆದು ಬರುವಾಗ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಜ್ಜ ಹೋದಮೇಲೆ ಆ ಪುಸ್ತಕ ನನ್ನ ಪಾಲಿಗೆ ಬಂತು. ತೆಗೆದು ನೋಡಿದರೆ ಆ ಪದ್ಯಗಳ ಎರಡೂ ಕಡೆ ಪೆನ್ಸಿಲಿನಲ್ಲಿ ತೆಳುವಾಗಿ ಬ್ರಾಕೆಟ್ಟು. ಹಳೆಯ ಮೇಷ್ಟ್ರುಗಳು ಅದನ್ನು ಕಂಸ ಅನ್ನುತ್ತಿದ್ದರು. ಕಂಸನ ಕೈಗೆ ಸಿಕ್ಕಿಯೂ ಒಂದು ಅಕ್ಷರ ಸತ್ತಿರಲಿಲ್ಲ.

ಈಗ ಇನ್ನೊಂದು ಪುಸ್ತಕದ ಮಾತು. ಕೆಲವು ವರ್ಷದ ಹಿಂದೆ ಮೊಮ್ಮಗಳಿಗೆಂದು ಮಕ್ಕಳ ಮಹಾಭಾರತ ಒಂದನ್ನು ತಂದೆ. ಬಣ್ಣದ ಚಿತ್ರ, ದಪ್ಪ ಅಕ್ಷರ, ಎಲ್ಲ ಚೆನ್ನಾಗಿತ್ತು. ಪ್ರಕಾಶಕರ ಹೆಸರು ಬೇಡ. ಎರಡು ದಿನದ ಮೇಲೆ ಅವಳು ಬಂದು, "ಕರ್ಣಂಗೆ ಅಷ್ಟು ಸಿಟ್ಟು ಎಂತಕ್ಕೆ ಅಜ್ಜಾ?" ಅಂದಳು. ಪುಸ್ತಕ ತೆಗೆದು ನೋಡಿದೆ. ಶಸ್ತ್ರವಿದ್ಯೆಯ ಪ್ರದರ್ಶನದ ರಂಗದಲ್ಲಿ ಕರ್ಣ ಬಂದು ನಿಲ್ಲುತ್ತಾನೆ. ಅವನಿಗೆ ಬೇಸರವಾಗುವಂಥ ಮಾತನ್ನು ಯಾರೋ ಆಡುತ್ತಾರೆ, ಅವನು ಸಿಟ್ಟಾಗುತ್ತಾನೆ. ಅಷ್ಟೇ. 'ಸೂತಪುತ್ರ' ಎಂಬ ಮಾತು ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ. ಕುಲ ಕೇಳಿದ ಪ್ರಶ್ನೆಯೂ ಇಲ್ಲ. ಮಕ್ಕಳ ಬಾಯಿಗೆ ಜಾತಿಯ ಬೈಗುಳ ಬೇಡವೆಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ತೆಗೆದಿರಬೇಕು. ಆದರೆ ಆ ಮಾತು ಹೋದಮೇಲೆ ಕರ್ಣನಿಗೆ ಉಳಿದದ್ದೇನು? ಕಾರಣವಿಲ್ಲದೆ ಮುಖ ಊದಿಸಿಕೊಂಡ ಒಬ್ಬ ಹಟಮಾರಿ, ಕೆಟ್ಟವರ ಸಂಗಕ್ಕೆ ಬಿದ್ದವನು. ಅವಮಾನ ಮಾಡಿದವರು ಎಲ್ಲ ಒಳ್ಳೆಯವರಾಗಿಯೇ ಉಳಿದರು. ಪುಸ್ತಕದ ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ 'ಸಂಗ್ರಹ' ಎಂಬ ಒಂದು ಶಬ್ದವೂ ಇರಲಿಲ್ಲ.

ಅಜ್ಜನೂ ಬಿಟ್ಟ, ಇವರೂ ಬಿಟ್ಟರು. ಅಜ್ಜನ ಬಿಡುವಿಕೆ ಮಗುವಿಗೆ ಒಂದು ಪ್ರಶ್ನೆ ಕೊಟ್ಟಿತು, ಉತ್ತರ ಅದೇ ಪುಸ್ತಕದಲ್ಲಿ ಕಾಯುತ್ತಿತ್ತು. ಇವರದರಲ್ಲಿ ಉತ್ತರವನ್ನೇ ಕತ್ತರಿಸಿ ಒಲೆಗೆ ಹಾಕಿಯಾಗಿತ್ತು.

ಇಂಗ್ಲೆಂಡಿನಲ್ಲಿಯೂ ಇದೇ ಜಗಳ. ಅಲ್ಲಿ ಬೌಡ್ಲರ್ ಎಂಬ ವೈದ್ಯ ಮತ್ತು ಅವನ ಅಕ್ಕ ಸೇರಿ 19ನೆಯ ಶತಮಾನದ ಆರಂಭದಲ್ಲಿ ಶೇಕ್ಸ್‌ಪಿಯರನನ್ನು ಸಂಸಾರಸ್ಥರ ಮನೆಯಲ್ಲಿ ಗಟ್ಟಿಯಾಗಿ ಓದುವಂತೆ ತೊಳೆದು ಕೊಟ್ಟರು. ಏನನ್ನೂ ಸೇರಿಸಿಲ್ಲ, ಬರೀ ಬಿಟ್ಟಿದ್ದೇವೆ ಎಂದು ಮುಖಪುಟದಲ್ಲೇ ಹೇಳಿಕೊಂಡರು. ನಮ್ಮಜ್ಜನಿಗೆ ದೂರದ ನೆಂಟರು ಎನ್ನಿ. 2023ರಲ್ಲಿ ರೋಲ್ಡ್ ಡಾಲನ ಮಕ್ಕಳ ಪುಸ್ತಕಗಳಿಗೆ ಅವನ ಪ್ರಕಾಶಕರು ಕೈಹಾಕಿದಾಗ ಬಿಡುವುದಷ್ಟೇ ಆಗಲಿಲ್ಲ, ಬದಲಿಸುವುದೂ ಆಯಿತು. ಅವನು 'ದಪ್ಪ' ಎಂದು ಬರೆದ ಹುಡುಗ ದಪ್ಪಗಿರಬಾರದು ಎಂದು ಬೇರೆ ಶಬ್ದ ಹಾಕಿದರು. ಗಲಾಟೆಯಾಯಿತು. ಕೊನೆಗೆ ಹಳೆಯದನ್ನೂ ಅಚ್ಚಿನಲ್ಲಿ ಉಳಿಸುತ್ತೇವೆ ಎಂದರು. ಅಲ್ಲಿನದು ಅಲ್ಲಿಗಿರಲಿ.

ಈ ಕೆಲಸ ಹೊಸದೆಂದು ತಿಳಿಯುವವರು ಇಲ್ಲಿಂದ ಗೇರುಸೊಪ್ಪೆಯ ಬಸ್ಸು ಹತ್ತಬೇಕು. ಶರಾವತಿಯ ದಂಡೆಯ ಆ ಚತುರ್ಮುಖ ಬಸದಿಯನ್ನು ನೋಡಲು ಜನ ಹೋಗುತ್ತಾರೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕತೆ ಕೇಳಿ ಬರುತ್ತಾರೆ. ಅದೇ ಗೇರುಸೊಪ್ಪೆಯಲ್ಲಿ 16ನೆಯ ಶತಮಾನದಲ್ಲಿ ಅಭಿನವವಾದಿ ವಿದ್ಯಾನಂದ ಎಂಬ ಜೈನ ವಿದ್ವಾಂಸ ಇದ್ದ. ಅವನು 'ಕಾವ್ಯಸಾರ' ಎಂಬ ಪುಸ್ತಕ ಮಾಡಿದ. ಸುಮಾರು 900ರಿಂದ 1430ರವರೆಗಿನ ಕವಿಗಳ ಕಾವ್ಯಗಳಿಂದ ಆಯ್ದ 1,143 ಪದ್ಯಗಳು. ಕತೆ ಬೇಡ, ವರ್ಣನೆ ಸಾಕು ಎಂಬ ಲೆಕ್ಕ. ಅವನಿಗಿಂತ ಮುನ್ನೂರು ವರ್ಷ ಮೊದಲು ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ದಲ್ಲಿ ಇದನ್ನೇ ಮಾಡಿದ್ದ. ವಿದ್ಯಾನಂದ ಅದಕ್ಕೆ ನಂತರದವರನ್ನೂ ಸೇರಿಸಿದ. ಅವನ ಕಾಲದ ಓದುಗನಿಗೂ ಇಡೀ ಚಂಪೂ ಹೊತ್ತು ತಿರುಗುವ ತಾಳ್ಮೆ ಇರಲಿಲ್ಲ ಅನ್ನಿ.

ಅದೇ ಶತಮಾನದಲ್ಲಿ ಇದೇ ಸೀಮೆಯ ಅರಸ ಸಾಳ್ವಮಲ್ಲನ ಆಶ್ರಯದಲ್ಲಿ ಸಾಳ್ವ ಕವಿ ಭಾರತವನ್ನೇ ಬದಲಿಸಿ ಬರೆದ. ಕುಮಾರವ್ಯಾಸನ ಭಾರತ ಮನೆಮನೆಗೂ ಹೋಗುತ್ತಿತ್ತು, ಜೈನರಿಗೆ ತಮ್ಮ ಭಾರತ ಬೇಕಿತ್ತು. ಕತೆಯನ್ನು ತನ್ನ ಧರ್ಮಕ್ಕೆ ಒಗ್ಗುವಂತೆ ತಿರುಗಿಸಿದ. ಆದರೆ ಅದಕ್ಕೆ ಇಟ್ಟ ಹೆಸರು 'ಸಾಳ್ವ ಭಾರತ'. ಇದು ನನ್ನದು, ಜಗಳ ಇದ್ದರೆ ನನ್ನ ಹತ್ತಿರ ಮಾಡಿ ಎಂದ ಹಾಗೆ. ವಿದ್ಯಾನಂದನೂ ಅಷ್ಟೇ: 'ಸಾರ' ಎಂದು ಹೆಸರಿನಲ್ಲೇ ಒಪ್ಪಿಕೊಂಡ. ಪುಸ್ತಕದ ಹೊರಗೆ ಏನು ಬರೆದಿದೆಯೋ ಒಳಗೂ ಅದೇ ಇತ್ತು.

ಇಲ್ಲಿಂದ ತೆಂಕಕ್ಕೆ, ಭಟ್ಕಳ ತಾಲ್ಲೂಕಿನ ಹಾಡುವಳ್ಳಿಗೆ ಬನ್ನಿ. ಹಿಂದಿನವರ ಸಂಗೀತಪುರ. ಅಲ್ಲಿನ ಮಠದ ಭಟ್ಟಾಕಳಂಕದೇವ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಬರೆದ. ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿ, ಕನ್ನಡ ಶಾಸ್ತ್ರಕ್ಕೆ ತಕ್ಕದ್ದಲ್ಲ ಎನ್ನುವವರ ಜೊತೆ ವಾದಕ್ಕೂ ನಿಂತ. ಆ ವಾದದಲ್ಲಿ ಅವನು 'ಚೂಡಾಮಣಿ' ಎಂಬ ಕನ್ನಡ ವ್ಯಾಖ್ಯಾನದ ಹೆಸರು ಹೇಳುತ್ತಾನೆ. 96,000 ಗ್ರಂಥ ಪ್ರಮಾಣದ ಕೃತಿ. ಇವತ್ತು ಆ ಚೂಡಾಮಣಿಯ ಒಂದು ಗರಿಯೂ ಇಲ್ಲ. ಹೆಸರು ಉಳಿದಿದೆ, ಸಂಖ್ಯೆ ಉಳಿದಿದೆ. ಯಾರಾದರೂ ಒಬ್ಬ ಅದರಲ್ಲಿ ನೂರು ಪುಟದ ಸಂಗ್ರಹ ಮಾಡಿಟ್ಟಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ. ಮುಟ್ಟಬಾರದು, ಕವಿಯ ಅಕ್ಷರ ಮಂತ್ರ ಎಂದು ಕಟ್ಟಿ ಅಟ್ಟದಲ್ಲಿ ಇಡುವವರಿಗೆ ಈ ಮಾತು. ಓದುವವರಿಲ್ಲದ ಪುಸ್ತಕವನ್ನು ಒರಲೆ ಸಂಪಾದಿಸುತ್ತದೆ.

ಸಂಪಾದಿಸುವುದು! ನಮ್ಮ ಭಾಷೆ ಈ ಕೆಲಸಕ್ಕೆ ಎಂಥ ಶಬ್ದ ಇಟ್ಟುಕೊಂಡಿದೆ ನೋಡಿ. ಸಂಪಾದನೆ ಎಂದರೆ ಗಳಿಕೆ. ಗ್ರಂಥಸಂಪಾದನೆ ಮಾಡಿದ ನಮ್ಮ ಹಿರಿಯರು ನಿಜಕ್ಕೂ ಗಳಿಸಿದರು. ತಾಡವೋಲೆಯಲ್ಲಿ ಶಬ್ದಕ್ಕೂ ಶಬ್ದಕ್ಕೂ ನಡುವೆ ಜಾಗವಿಲ್ಲ, ಪೂರ್ಣವಿರಾಮದ ಸುಳಿವಿಲ್ಲ. ಎಕಾರ ಏಕಾರಕ್ಕೆ, ಒಕಾರ ಓಕಾರಕ್ಕೆ ಒಂದೇ ಬರಹ. ಗರಿಗೆ ಮಸಿ ತೀಡಿ ಒರೆಸಿದರೆ ಕಾಣುವ ಅಕ್ಷರ 'ಕೊಡು' ಎಂದೋ 'ಕೋಡು' ಎಂದೋ, ಕೇಳಿದ್ದು ದಾನವೋ ಎಮ್ಮೆಯ ಕೊಂಬೋ ಎಂದು ಓದುವವನೇ ತೀರ್ಮಾನಿಸಬೇಕು. ಒಂದು ಪ್ರತಿಯಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ. ಡಿ. ಎಲ್. ನರಸಿಂಹಾಚಾರ್ಯರಂಥವರು ಅದರ ನಡುವೆ ಕೂತು ಒಂದು ಪಾಠವನ್ನು ಮೇಲಿಟ್ಟರು, ಬಿಟ್ಟ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಟ್ಟರು. ಆ ಅಡಿಟಿಪ್ಪಣಿಯೇ ಅವರ ಪೆನ್ಸಿಲ್ ಕಂಸ. ಆದ್ದರಿಂದ ನಮ್ಮ ಕೈಯಲ್ಲಿರುವ ಪಂಪನಾಗಲಿ ಕುಮಾರವ್ಯಾಸನಾಗಲಿ ಆಗಲೇ ಸಂಪಾದಿತರು. ಸಂಪಾದಿತವಲ್ಲದ ಶುದ್ಧ ಕವಿ ಎಲ್ಲಿಯೋ ಇದ್ದಾನೆ, ಅವನನ್ನು ಕಾಪಾಡಬೇಕು ಎಂಬುದು ಗರಿ ಮುಟ್ಟಿ ನೋಡದವರ ಮಾತು.

ಆಮೇಲೆ ಎಲ್. ಬಸವರಾಜು ಅವರು ಬಂದು ಪಂಪನ ಬಿಗಿಯಾದ ಸಂಧಿಗಳನ್ನು ಬಿಡಿಸಿ, ಓದುವ ಕಣ್ಣಿಗೆ ಹಗುರಾಗುವಂತೆ 'ಸರಳ ಪಂಪಭಾರತ' ಕೊಟ್ಟರು. ಪಾಂಡಿತ್ಯದವರು ಗೊಣಗಿದ್ದುಂಟು. ತರಗತಿಯಲ್ಲಿ ಮೂವತ್ತು ವರ್ಷ ಪಂಪನನ್ನು ಹೇಳಿದ ನನ್ನ ಸಾಕ್ಷಿ ಬಸವರಾಜು ಅವರ ಕಡೆಗೇ. ಎ. ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ' ಇನ್ನೂ ಒಂದು ಹೆಜ್ಜೆ ಮುಂದೆ: ಪದ್ಯವನ್ನೇ ಬಿಟ್ಟು ಗದ್ಯದಲ್ಲಿ ಇಡೀ ಭಾರತ. ಅದು ವ್ಯಾಸನ ಪುಸ್ತಕವೆಂದು ಯಾರೂ ಮೋಸಹೋಗಲಿಲ್ಲ. ಅದರ ಕನ್ನಡಕ್ಕೆ ಸೋತು ಎಷ್ಟೋ ಜನ ಮೂಲದ ಕಡೆ ಹೋದರು.

ಈ ಪ್ರಶ್ನೆಯನ್ನು ನಮ್ಮ ಕರಾವಳಿ ಪುಸ್ತಕದಲ್ಲಲ್ಲ, ರಂಗಸ್ಥಳದಲ್ಲಿ ಬಗೆಹರಿಸಿಕೊಂಡಿದೆ. ಪ್ರಸಂಗದ ಪದ್ಯ ಕವಿಯದು. ಕುಂಬಳೆಯ ಪಾರ್ತಿಸುಬ್ಬ ಕಟ್ಟಿದ ಪದ್ಯವನ್ನು ಭಾಗವತ ಇವತ್ತೂ ಹಾಗೆಯೇ ಹಾಡುತ್ತಾನೆ. ಅದರ ಮೇಲೆ ಅರ್ಥ ಹೇಳುವುದು ವೇಷಧಾರಿಯದು. ಆ ಅರ್ಥ ನಿನ್ನೆ ರಾತ್ರಿಯದಲ್ಲ, ನಾಳೆಯದೂ ಅಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ರಾಮನಿಗೇ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಪದ್ಯದಲ್ಲಿ ಮಾತ್ರ ಒಂದು ಅಕ್ಷರ ಅಲುಗುತ್ತಿರಲಿಲ್ಲ. ಪದ್ಯ ಹಳತು, ಅರ್ಥ ಹೊಸತು, ಎರಡರ ನಡುವೆ ಚಂಡೆಯ ಒಂದು ಪೆಟ್ಟು. ಎಲ್ಲಿ ಕವಿ ಮುಗಿದ, ಎಲ್ಲಿ ಕಲಾವಿದ ಶುರುವಾದ ಎಂದು ಹಿಂದಿನ ಸಾಲಿನಲ್ಲಿ ಅರೆನಿದ್ದೆಯಲ್ಲಿ ಕೂತ ಮುದುಕನಿಗೂ ಗೊತ್ತು.

ಇನ್ನು ಬಿಡುವ ವಿಷಯ. ಗುಣವಂತೆಯ ಕೆರೆಮನೆ ಮೇಳ, 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ್ದು, ಶಂಭು ಹೆಗಡೆಯವರ ಕಾಲಕ್ಕೆ ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಿತು. ಎರಡೂವರೆ ಮೂರು ತಾಸು. ಆಗಲೂ ಆಕ್ಷೇಪ ಬಂತು. ಪ್ರಸಂಗ ಕತ್ತರಿಸಿದರು, ಪೂರ್ವರಂಗ ಹೋಯಿತು, ಒಡ್ಡೋಲಗ ಸಣ್ಣದಾಯಿತು ಎಂದು. ಕೆಲವು ಆಕ್ಷೇಪ ನನ್ನದೂ ಹೌದು. ಮಧ್ಯರಾತ್ರಿ ಎರಡರ ಮೇಲೆ ಏರುವ ಆ ಕಾವು ಮೂರು ತಾಸಿನ ಆಟಕ್ಕೆ ದಕ್ಕುವುದಿಲ್ಲ. ಆದರೆ ಭಾಗವತ ಬಿಟ್ಟ ಪದ್ಯ ಎಲ್ಲಿಗೂ ಹೋಗಿರುವುದಿಲ್ಲ. ಜಾಗಟೆಯ ಪಕ್ಕದಲ್ಲಿರುವ ಪ್ರಸಂಗ ಪುಸ್ತಕದಲ್ಲೇ ಇದೆ. ಬಿಟ್ಟದ್ದನ್ನು ಮುಂದಿನ ಊರಿನಲ್ಲಿ, ಜನ ಇದ್ದರೆ, ಹೊತ್ತಿದ್ದರೆ, ಅವನೇ ಹಾಡುತ್ತಾನೆ.

ಹಾಗಾದರೆ ನನ್ನ ಮಾತು ಇಷ್ಟು: ಬಿಡಬಹುದು, ಬಿಡಿಸಬಹುದು, ಅರ್ಥ ಹೇಳಬಹುದು, ಬೇಕಿದ್ದರೆ ನಿಮ್ಮ ಹೆಸರು ಹಾಕಿ ಹೊಸತನ್ನೇ ಬರೆಯಬಹುದು. ಕವಿಯ ಹೆಸರು ಮೇಲಿಟ್ಟು ಅವನ ಬಾಯಲ್ಲಿ ನಿಮ್ಮ ಮಾತು ಆಡಿಸಬಾರದು.

ಕನ್ನಡದಲ್ಲಿ ಇದು ಕೋರ್ಟಿನವರೆಗೂ ಹೋಗಿದೆ. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳನ್ನು 'ಬಸವ ವಚನ ದೀಪ್ತಿ' ಎಂದು ಪ್ರಕಟಿಸುವಾಗ 'ಕೂಡಲಸಂಗಮದೇವ' ಎಂಬ ಅಂಕಿತವನ್ನು ತೆಗೆದು 'ಲಿಂಗದೇವ' ಎಂದು ಹಾಕಿದರು. ಅವರಿಗೆ ಅವರದೇ ಧಾರ್ಮಿಕ ಕಾರಣಗಳಿದ್ದವು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪುಸ್ತಕ ಮುಟ್ಟುಗೋಲು ಹಾಕುವ ಮದ್ದು ನನಗೆ ಒಗ್ಗುವುದಿಲ್ಲ. ರೋಗಕ್ಕಿಂತ ಮದ್ದು ಜೋರು. ಆದರೆ ರೋಗ ಇತ್ತು. ಅಂಕಿತ ಎಂದರೆ ವಚನದ ಕೊನೆಗೆ ಹೊಡೆದ ಮೊಹರಲ್ಲ. ವಚನದ ಉಸಿರು ಅಲ್ಲಿಗೆ ಬಂದು ಇಳಿಯುತ್ತದೆ. ಕೃಷ್ಣೆ ಮಲಪ್ರಭೆ ಕೂಡುವ ಜಾಗ ಆ ಹೆಸರಿನಲ್ಲಿದೆ. ಶರಾವತಿ ಸಮುದ್ರಕ್ಕೆ ಸೇರುವ ಊರಿನಲ್ಲಿ ಕೂತವರಿಗೆ ಸಂಗಮ ಎಂಬ ಶಬ್ದದಲ್ಲಿ ಎಷ್ಟು ನೀರಿದೆ ಎಂದು ನಾನು ಹೇಳಬೇಕಾಗಿಲ್ಲ. ಹೊಸ ಅಂಕಿತದ ವಚನವನ್ನೇ ಮೊದಲು ಓದಿದ ಮಗುವಿಗೆ ಆ ನದಿ ಇತ್ತು ಎಂಬುದೇ ತಿಳಿಯುವುದಿಲ್ಲ.

ಇದನ್ನೆಲ್ಲ ಇಷ್ಟು ಗಟ್ಟಿಯಾಗಿ ಹೇಳುವ ನಾನು ಒಮ್ಮೆ ತಪ್ಪಿದ್ದನ್ನೂ ಹೇಳಬೇಕು. ಕಾಲೇಜಿಗೆ ಸೇರಿದ ಹೊಸತರಲ್ಲಿ ಕಾರಂತರ 'ಚೋಮನ ದುಡಿ' ಪಾಠ. 1933ರ ಕಾದಂಬರಿ. ಬೇಸಾಯ ಮಾಡುವ ಆಸೆಯ ಚೋಮನಿಗೆ ಜಾತಿಯ ಕಾರಣಕ್ಕೆ ತುಂಡು ಭೂಮಿ ಸಿಗುವುದಿಲ್ಲ. ಆ ಜಾತಿಯ ಹೆಸರು, ಅದನ್ನು ಕರೆಯುವ ದನಿ ಪುಸ್ತಕದ ತುಂಬ ಇದೆ. ನಾನು ಹಾಜರಿ ಪುಸ್ತಕ ನೋಡಿ ಒಬ್ಬ ಹುಡುಗನಿಗೆ, "ಓದಪ್ಪ" ಎಂದೆ. ಅವನು ಎರಡು ಸಾಲು ಓದಿ ನಿಲ್ಲಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವನು ಪುಸ್ತಕ ಮುಚ್ಚಲಿಲ್ಲ, ಹಾಗೆಯೇ ಹಿಡಿದು ನಿಂತಿದ್ದ, ಹೆಬ್ಬೆರಳು ಆ ಸಾಲಿನ ಮೇಲೆ. ಆ ಹೆಬ್ಬೆರಳು ನನಗೆ ಇಂದಿಗೂ ಕಾಣುತ್ತದೆ. ಕೂತುಕೋ ಎನ್ನುವುದಕ್ಕೂ ನನಗೆ ಹೊತ್ತು ಹಿಡಿಯಿತು.

ಆ ಶಬ್ದಗಳನ್ನು ಕಾರಂತರ ಪುಸ್ತಕದಿಂದ ತೆಗೆಯಬೇಕಿತ್ತೇ? ತೆಗೆದರೆ ಚೋಮನಿಗೂ ಮೊಮ್ಮಗಳ ಪುಸ್ತಕದ ಕರ್ಣನ ಗತಿಯೇ. ಭೂಮಿ ಯಾಕೆ ಸಿಗಲಿಲ್ಲ ಎಂಬುದಕ್ಕೆ ಕಾರಣವೇ ಇಲ್ಲದೆ ಅವನು ದುಡಿ ಬಾರಿಸುತ್ತ ಕೂರುತ್ತಾನೆ. ತಿದ್ದಬೇಕಾದದ್ದು ನನ್ನ ಪಾಠ. ಮರುದಿನದಿಂದ ಆ ಪುಟಗಳನ್ನು ನಾನೇ ಓದಿದೆ, ಓದುವ ಮೊದಲು ಹತ್ತು ನಿಮಿಷ ಮಾತಾಡಿದೆ, ನಕ್ಕವನನ್ನೂ ಮಾತಾಡಿಸಿದೆ. ಪದ್ಯ ಕವಿಯದು, ಅರ್ಥ ನನ್ನದು ಎಂದು ಅಷ್ಟು ಆಟ ನೋಡಿದವನಿಗೆ ಮೊದಲೇ ಹೊಳೆಯಬೇಕಿತ್ತು. ಆ ಹುಡುಗನಿಗೆ ಅದು ಒಂದು ದಿನ ತಡವಾಗಿ ಬಂತು ಎಂಬುದನ್ನು ಮಾತ್ರ ಯಾವ ಟಿಪ್ಪಣಿಯೂ ಸರಿಮಾಡುವುದಿಲ್ಲ.

'ಇಂದಿನ ಓದುಗ' ಎನ್ನುವವನು ಯಾರು ಎಂದೂ ಒಮ್ಮೆ ಕೇಳಿಕೊಳ್ಳಬೇಕು. ಬೆಂಗಳೂರಿನ ಪ್ರಕಾಶಕರ ಮನಸ್ಸಿನಲ್ಲಿ ಒಬ್ಬನೇ ಇದ್ದಾನೆ. ನಮ್ಮ ಮೂರು ತಾಲ್ಲೂಕುಗಳಲ್ಲೇ ಎಷ್ಟು ಜನ! ಹಳಗನ್ನಡದ 'ಆನ್' ಎಂಬುದಕ್ಕೆ 'ನಾನು' ಎಂದು ಅರ್ಥ ಬರೆಸುವಾಗ ಹವ್ಯಕರ ಮನೆಯ ಹುಡುಗಿ ನಗುತ್ತಾಳೆ. ಅವಳ ಅಜ್ಜಿ ಬೆಳಿಗ್ಗೆಯಷ್ಟೇ 'ಆನು' ಎಂದಿರುತ್ತಾಳೆ. ಹಾಲಕ್ಕಿ ಒಕ್ಕಲಿಗರ ಕೊಪ್ಪದಿಂದ ಬಂದವನ ಕಿವಿಗೆ ಹಾಡಿನ ಲಯ ಮೊದಲೇ ಗೊತ್ತು. ಭಟ್ಕಳದ ಹುಡುಗಿ ಮನೆಯಲ್ಲಿ ನವಾಯತಿ, ಮದರಸಾದಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮೂರನ್ನೂ ದಾಟಿ ಪಂಪನ ಹತ್ತಿರ ಬರುತ್ತಾಳೆ. ಕುಮಟಾದ ಕೊಂಕಣಿ ಮನೆಯವನಿಗೆ ಇನ್ನೊಂದು ದಾರಿ. ನನ್ನ ತರಗತಿಯಲ್ಲಿ ರನ್ನನ ದುರ್ಯೋಧನನನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವಳು ಆ ಭಟ್ಕಳದ ಕಡೆಯ ಒಬ್ಬ ವಿದ್ಯಾರ್ಥಿನಿ. ಅವಳಿಗೆ ಶಬ್ದಾರ್ಥದ ಪಟ್ಟಿ ಬೇಕಿತ್ತು, ಸಂಧಿ ಬಿಡಿಸಿದ ಪ್ರತಿ ಬೇಕಿತ್ತು. ದುರ್ಯೋಧನನನ್ನು ಯಾರೂ ಅವಳಿಗಾಗಿ ಒಳ್ಳೆಯವನನ್ನಾಗಿ ಮಾಡಬೇಕಿರಲಿಲ್ಲ.

ಅಚ್ಚುಹಾಕುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಸಂಗ್ರಹವಾದರೆ ಮುಖಪುಟದಲ್ಲೇ ಸಂಗ್ರಹ ಎನ್ನಿ. ಯಾವ ಸಂಧಿ, ಯಾವ ಪದ್ಯ ಬಿಟ್ಟಿರಿ ಎಂದು ಕೊನೆಯಲ್ಲಿ ಅರ್ಧ ಪುಟ ಕೊಡಿ. ಇಡೀ ಪುಸ್ತಕ ಬ್ಯಾಂಕಿನ ಚಿನ್ನದ ಹಾಗೆ ಎಲ್ಲೋ ಒಂದು ಕಡೆ ಮುಟ್ಟದೆ ಇರಲಿ, ಮತ್ತು ಅದರ ಕೀಲಿ ಓದುಗನಿಗೂ ಸಿಗಲಿ. ದತ್ತಿಯ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ಮಾಡಿಸುವ ಬದಲು ಒಂದೊಂದು ವರ್ಷ ಇಂಥ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಬಾರದೇ ಎಂದು ದತ್ತಿ ಮನೆಯವರನ್ನು ಅಂದೇ ಕೇಳಿದ್ದೆ. ನಕ್ಕರು. ಇಲ್ಲಿ ಬರವಣಿಗೆಯಲ್ಲಿ ಮತ್ತೆ ಕೇಳುತ್ತಿದ್ದೇನೆ.

ಮೊಮ್ಮಗಳಿಗೆ ಈಗ ಹದಿನಾಲ್ಕು. ಕಳೆದ ಮಳೆಗಾಲ ರಜೆಗೆ ಬಂದಾಗ ಅಜ್ಜನ ಜೈಮಿನಿ ಭಾರತ ಕಪಾಟಿನಿಂದ ತೆಗೆದಳು. ರಟ್ಟು ಹೋಗಿದೆ, ಕಂದೀಲಿನ ಎಣ್ಣೆಯ ಕಲೆ ಇದೆ. ಷಟ್ಪದಿ ಒಡೆದು ಓದಲು ಅವಳಿಗೆ ಕಷ್ಟ. ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸುತ್ತಾಳೆ. ಪುಟ ಮಗುಚುತ್ತ ಹೋಗಿ ಒಂದು ಕಡೆ ನಿಂತಳು.

"ಈ ಪೆನ್ಸಿಲ್ ಗೆರೆ ಎಂತದು ಅಜ್ಜಾ?"

"ನನ್ನ ಅಜ್ಜ ಬಿಟ್ಟು ಓದಿದ್ದು," ಎಂದೆ.

ಮುಂದೇನೂ ಕೇಳಲಿಲ್ಲ. ಪುಸ್ತಕ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋಗಿ, ಕಂಸದ ಒಳಗಿನದನ್ನು ಮೊದಲ ಸಾಲಿನಿಂದ ಓದಲು ಕೂತಳು.